ಗಾಡಿ ನೆರಳಿಗೆ, ಪ್ಯಾನೆಲ್ ಬಿಸಿಲಿಗೆ

ಹಿತ್ತಿಲಲ್ಲಿ ನಿಂತ ವ್ಯಾನಿನೊಳಗಿಂದ,
ಭಾನುವಾರ, ಜೂನ್ ೮

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಬಂದರಿನ ಗಾಳಿಗೆ ಹಿಡಿದ ಕೆಮ್ಮು ಬಿಟ್ಟಿತಾ? ದಿನವಿಡೀ ಅಷ್ಟೆತ್ತರದ ಕ್ರೇನಿನಲ್ಲಿ ಕೂರುವವಳು, ಹೊತ್ತಿಗೆ ಸರಿಯಾಗಿ ಊಟ ಮಾಡು. ಕಂಟೇನರುಗಳು ಎಲ್ಲೂ ಓಡಿಹೋಗುವುದಿಲ್ಲ. ನನ್ನ ಮಂಡಿ ಪರವಾಗಿಲ್ಲ. ಹೊಲಿಗೆ ಗಿರಾಕಿಗಳಿಗೆಲ್ಲ ಸ್ವಲ್ಪ ದಿನ ಬಿಟ್ಟು ಬನ್ನಿ ಅಂದಿದ್ದೇನೆ. ನಿಮ್ಮಪ್ಪನ ಸಮಾಚಾರ ಮುಂದೆ ಬರುತ್ತದೆ, ತಾಳು.

ಹಳೇ ವ್ಯಾನನ್ನು ಮನೆ ಮಾಡುತ್ತಿದ್ದೇವೆ ಅಂದಾಗ ಫೋನಿನಲ್ಲಿ ನಕ್ಕೆಯಲ್ಲ, ಈಗ ನೋಡಬೇಕು ನೀನು. ಇಬ್ಬರು ಮಲಗುವ ಹಾಸಿಗೆ, ಕೂತರೆ ಮೊಣಕಾಲು ತಾಗುವ ಮೇಜು, ನಾನು ಹೊಲಿದ ನೀಲಿ ಪರದೆ. ಬಿಸಿಲು ಅದರಲ್ಲಿ ಸೋಸಿ ಬಂದರೆ ಒಳಗೆಲ್ಲ ಕೊಳದ ತಳದಲ್ಲಿ ಕೂತ ಹಾಗೆ. ಊಟ ಮುಗಿಸಿ ಇಬ್ಬರೂ ಇಲ್ಲೇ ಒರಗುತ್ತೇವೆ. ಗಾಡಿ ನಿಂತಲ್ಲೇ ನಿಂತಿರುತ್ತದೆ, ನಾವು ಎಲ್ಲೆಲ್ಲಿಗೋ ಹೋಗಿಬಿಟ್ಟಿರುತ್ತೇವೆ. ಕಣ್ಣು ಮುಚ್ಚಿಕೊಂಡೇ ಇವರು, "ಈಗ ಹೊಳೆ ಬಂತು ನೋಡು" ಅಂತಾರೆ. "ನಿಧಾನ ಕಣ್ರೀ, ಸೇತುವೆ ಕಿರಿದು" ಅಂತೀನಿ ನಾನು. ಲಿಫ್ಟ್ ರಿಪೇರಿ ಮಾಡುತ್ತಲೇ ತಲೆ ಹಣ್ಣಾದ ಮನುಷ್ಯ. "ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿದ್ದಾಯ್ತು, ಇನ್ನಾದರೂ ಅಡ್ಡಡ್ಡ ಓಡಾಡೋಣ" ಅನ್ನುವುದೇ ಅವರ ಹೊಸ ಮಂತ್ರ.

ಆದರೆ ದಾರಿಯಲ್ಲಿ ಕರೆಂಟು ಬೇಕಲ್ಲ. ದೀಪ, ಫ್ಯಾನು ಇಲ್ಲದೆ ನಡೆದೀತು; ಅವರ ಕಣ್ಣಿಗೆ ಹಾಕುವ ಹನಿ ಮಾತ್ರ ಫ್ರಿಜ್ಜಿನಲ್ಲೇ ಇರಬೇಕು. ಸೋಲಾರ್ ಅಂಗಡಿಯವನು, "ಅಮ್ಮಾ, ಚಾವಣಿಗೇ ಒಂದು ದೊಡ್ಡ ಪ್ಯಾನೆಲ್ ಕೂರಿಸಿಬಿಡಿ, ತಲೆನೋವೇ ಇಲ್ಲ" ಅಂದ. ಮರದಡಿ ನಿಲ್ಲಿಸಿದರೇನು ಗತಿ ಅಂದೆ. ಕರೆಂಟು ಬರಲ್ಲ ಅಂದ. ಬಿಸಿಲಲ್ಲಿ ನಿಲ್ಲಿಸಿದರೆ? "ಒಳಗೆ ನೀವು ಬೇಯ್ತೀರಿ" ಅಂತ ಹೇಳಿ ತಾನೇ ನಕ್ಕ. ಹಾಗಾಗಿ ಸೂಟ್‌ಕೇಸಿನಂತೆ ಮಡಚುವ ಎರಡು ಪ್ಯಾನೆಲ್ ತಂದೆವು: ಗಾಡಿ ನೆರಳಿಗೆ, ಪ್ಯಾನೆಲ್ ಬಿಸಿಲಿಗೆ. ಒಂದೊಂದನ್ನೂ ಎತ್ತಿಕೊಂಡು ಅಂಗಡಿಯೆಲ್ಲ ಸುತ್ತಿದೆ, ನನ್ನ ತೋಳಿಗೆ ಒಗ್ಗಿದ್ದನ್ನೇ ಆರಿಸಿದೆ. ದಪ್ಪ ತಂತಿಯೇ ಬೇಕು ಅಂತ ನಿಮ್ಮಪ್ಪ ಪಟ್ಟು ಹಿಡಿದರು. ಉದ್ದದ ತಂತಿ ತೆಳ್ಳಗಿದ್ದರೆ ಕರೆಂಟು ದಾರಿಯಲ್ಲೇ ಸೋರಿಹೋಗುತ್ತದಂತೆ, ತೂತುಬಿದ್ದ ಕೊಡದ ನೀರಿನ ಹಾಗೆ.

ಮೊನ್ನೆ ಬೆಳಿಗ್ಗೆ ಜೋಡಿಸಲು ಕೂತರು. ಬ್ಯಾಟರಿಗೂ ಪ್ಯಾನೆಲ್ಲಿಗೂ ನಡುವೆ ಕಂಟ್ರೋಲರ್ ಅಂತ ಒಂದು ಡಬ್ಬಿ. ಬಿಸಿಲು ಎಷ್ಟೇ ಸುರಿಯಲಿ, ಬ್ಯಾಟರಿಯ ಹೊಟ್ಟೆಗೆ ಹಿಡಿಸುವಷ್ಟೇ ಬಡಿಸುತ್ತದೆ, ನಿನ್ನ ಅಜ್ಜಿಯ ತದ್ವಿರುದ್ಧ. ಮೊದಲು ಬ್ಯಾಟರಿ ಜೋಡಿಸಬೇಕು, ಆಮೇಲೆ ಪ್ಯಾನೆಲ್. ಹಾಡು ಗುನುಗುತ್ತಾ ತಂತಿ ಮುಟ್ಟಿಸಿದರು. ಟಪ್ ಅಂತ ಫ್ಯೂಸು ಹೋಯಿತು. "ಫ್ಯೂಸೇ ಕಳಪೆ" ಅಂತ ಬೇರೆ ಹಾಕಿದರು. ಅದೂ ಹೋಯಿತು. ಬಗ್ಗಿ ನೋಡುತ್ತೇನೆ, ಕೆಂಪು ತಂತಿ ಇರಬೇಕಾದಲ್ಲಿ ಕಪ್ಪು ಇದೆ. ಲಿಫ್ಟಿನ ಕತ್ತಲ ಗುಂಡಿಯಲ್ಲಿ ನೇತಾಡಿಕೊಂಡು ನೂರು ತಂತಿಗಳಲ್ಲಿ ಒಂದನ್ನು ಹೆಕ್ಕುತ್ತಿದ್ದವರು, ಇಷ್ಟು ಬೆಳಕಿನಲ್ಲಿ! ಎರಡೂ ತಂತಿ ಅವರ ಮುಂದೆ ಹಿಡಿದೆ. "ರೀ, ಇದರಲ್ಲಿ ಕೆಂಪು ಯಾವುದು ಹೇಳಿ." ಗುನುಗು ನಿಂತಿತು. ತಂತಿಗಳನ್ನು ಕಣ್ಣಿನ ಹತ್ತಿರ ಹಿಡಿದು, "ಎರಡೂ ಹೊಗೆಯ ಹಾಗೆ ಕಾಣುತ್ತೆ ಕಣೇ. ಹೇಳಿದರೆ ಗಾಡಿ ಮಾರ್ತೀಯ ಅಂತ ಸುಮ್ಮನಿದ್ದೆ" ಅಂದರು.

ನನಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಇಕ್ಕಳ ಕಿತ್ತುಕೊಂಡು, "ಬಾಯಿ ನಿಮ್ಮದು, ಕಣ್ಣು ನಂದು, ಹೇಳಿ" ಅಂದೆ. ಅವರು ಹೇಳಿದರು, ನಾನು ಬಿಗಿದೆ. ಕೆಂಪು ತಂತಿಗೆಲ್ಲ ದಪ್ಪ ದಾರ ಸುತ್ತಿ ಗಂಟು ಹಾಕಿದ್ದೇನೆ, ಬೆರಳಿಗೆ ಸಿಗಲಿ ಅಂತ. ಎರಡು ಪ್ಯಾನೆಲ್ಲನ್ನೂ ಅಂಗಳದಲ್ಲಿ ಬಿಡಿಸಿಟ್ಟೆ, ಬಟ್ಟೆ ಒಣಹಾಕಿದ ಹಾಗೆ. ಫ್ರಿಜ್ಜು ಗುಂಯ್ ಅಂದಿತು. ಫ್ಯಾನು ಒಂದು ಸಲ ಯೋಚಿಸಿ, ತಿರುಗತೊಡಗಿತು. ನಿಮ್ಮಪ್ಪ ಮುಖ ಎತ್ತಿ ಅದರ ಕೆಳಗೆ ಕೂತರು. "ಬಿಸಿಲೇ ತಂಪಾಗಿ ಬರ್ತಿದೆಯಲ್ಲೇ" ಅಂದರು. ನಾನು ಪಕ್ಕದಲ್ಲಿ ಕೂತೆ. ಪರದೆ ಹಾರುತ್ತಿತ್ತು. ಗಾಡಿ ಹೊರಟೇಬಿಟ್ಟಿದೆ ಅನ್ನಿಸಿತು.

ಮೈ ಕಡೆ ಗಮನ ಇರಲಿ ಕಂದಾ. ಗಾಳಿ ಜೋರಿದ್ದ ದಿನ ಹಟ ಮಾಡದೆ ಕೆಳಗಿಳಿ. ನಿನ್ನ ರೂಮಿನ ಗೆಳತಿಯನ್ನೂ ಕೇಳಿದೆ ಅನ್ನು. ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆವು. ನರ ಸೊರಗಿದೆ, ಹೋದ ದೃಷ್ಟಿ ವಾಪಸು ಬರಲ್ಲ, ಉಳಿದಿದ್ದನ್ನು ಹನಿ ಹಾಕಿ ಕಾಯಬೇಕು ಅಂದರು. ನೋಡಬೇಕಾದ್ದನ್ನು ಮುಂದೆ ಹಾಕಬೇಡಿ ಅಂತಲೂ ಅಂದರು. ಏನು ನೋಡಬೇಕು ಅಂತ ನಿಮ್ಮಪ್ಪನನ್ನು ಕೇಳಿದೆ. ಬೆಟ್ಟವೂ ಅನ್ನಲಿಲ್ಲ, ಸಮುದ್ರವೂ ಅನ್ನಲಿಲ್ಲ, ನಿನ್ನ ಹೆಸರು ಹೇಳಿದರು. ಬುಧವಾರ ಹೊರಡುತ್ತೇವೆ. ಓಡಿಸುವುದು ನಾನೇ, ಲೈಸೆನ್ಸ್ ಬಂದಿದೆ, ನಗಬೇಡ. ಬೇಡ ಅಂತ ಫೋನ್ ಮಾಡಲೂಬೇಡ, ಎತ್ತುವುದಿಲ್ಲ. ನಾವು ಬಂದು ಕ್ರೇನಿನ ಕೆಳಗೆ ನಿಂತಾಗ ನೀನು ಆ ಹೊಳೆಯುವ ಜಾಕೀಟು ಹಾಕಿಕೊಂಡಿರು. ಅವಸರಪಟ್ಟು ಇಳಿದುಬಿಡಬೇಡ. ಒಂದಿಷ್ಟು ಹೊತ್ತು ನೋಡಲಿ.