ಹರಿಗೋಲಿನ ಎದುರು ಬದಿ

ಮಾನ್ವಿ, ಫೆಬ್ರುವರಿ 1983

ದಸ್ತಗೀರ್,

ನೀನು ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ, ನಿನ್ನೆ ದೇವದುರ್ಗದ ಕಡೆಯಿಂದ ಕೃಷ್ಣೆಯ ನಡುಗಡ್ಡೆಗೆ ಹೋಗಿದ್ದೆ. ಹತ್ತು ವರ್ಷ ನೀನು ಕರೆದೆ. ಶಾಲೆಯ ಪರೀಕ್ಷೆ ಮುಗಿಯಲಿ ಎಂದು ನಾನು ಪ್ರತಿ ವರ್ಷವೂ ಮುಂದೂಡಿದೆ.

ಹರಿಗೋಲಿನ ಮುದುಕ ಮೌನಪ್ಪ, "ಒಬ್ಬರ ಬಂದೀರೇನ್ರೀ? ಹರಗೋಲು ವಾಲ್ತದ," ಎಂದು ನನ್ನೆದುರಿಗೆ ದೊಡ್ಡ ಕಲ್ಲೊಂದನ್ನು ಇಟ್ಟ.

"ನನ್ನ ಜೋಡಿಗೆ ಕಲ್ಲೇನಪಾ?"

"ಛಲೋ ಜೋಡಿ ಐತ್ರೀ. ಅಲುಗಾಡಂಗಿಲ್ಲ, ವಟವಟ ಅನ್ನಂಗಿಲ್ಲ," ಎಂದು ನಕ್ಕ.

ನಡುಗಡ್ಡೆಯ ಬಂಡೆಯ ಮೇಲೆ ಐದು ನೀರುನಾಯಿಗಳು ಮೈ ಒಣಗಿಸಿಕೊಳ್ಳುತ್ತಿದ್ದವು. ಮೂರೇ ಇರುತ್ತವೆ ಎಂದಿದ್ದೆ ನೀನು.

"ಅಲ್ಲಿ ನೋಡಲೇ, ಐದು ಅದಾವು!" ಎಂದು ಕೂಗಿಬಿಟ್ಟೆ.

ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ನೋಡಾಕತ್ತೀನ್ರೀ ಮಾಸ್ತರ್ರ," ಎಂದ.

ಹಿರಿಯನಿಗೆ 'ಲೇ' ಎಂದದ್ದಕ್ಕೆ ಕ್ಷಮೆ ಕೇಳಿದೆ. ಯಾರಿಗೆ ಅಂದದ್ದೆಂದು ಹೇಳಲಿಲ್ಲ.