ಒಲೆ ಊದಿದವನ ಉಸಿರು

ಬೆಂಗಳೂರು, ೧೨ ಆಗಸ್ಟ್ ೧೯೭೮

ಅವ್ವಾ,

ನಿನ್ನ ಮಗ ಪಾಸಾದ! ವಾಯುಪಡೆಯ ಪೈಲಟ್ ಆಗಲು ಮಾಡುವ ವೈದ್ಯಕೀಯ ತಪಾಸಣೆ ಇಂದು ಮುಗಿಯಿತು. ಇಲ್ಲಿ ರಬ್ಬರ್ ನಳಿಗೆ ಊದಿ, ಗಾಜಿನ ಕೊಳವೆಯೊಳಗಿನ ಪಾದರಸ ಏರಿಸಿ, ಉಸಿರು ಬಿಡದೆ ಅಲ್ಲೇ ನಿಲ್ಲಿಸಬೇಕು. ಪೈಲ್ವಾನರಂಥ ಹುಡುಗರೇ ಕೆಮ್ಮಿ ಸೋತರು. ನಾನು ಬಿಡಲೇ ಇಲ್ಲ.

"ಸಾಕು ಬಿಡೋ ತಮ್ಮಾ! ಎಲ್ಲಿ ಕಲ್ತಿ ಇದನ್ನ?" ಎಂದರು ಧಾರವಾಡ ಕಡೆಯ ಡಾಕ್ಟರು.

"ಖಾನಾಪುರದಾಗ್ರೀ, ನಮ್ಮವ್ವನ ಒಲಿ ಮುಂದ. ಜಾಂಬೋಟಿ ಅಡವಿ ಹಸಿ ಕಟ್ಟಿಗಿ ಊದಿ ಊದಿ" ಎಂದೆ.

ನನ್ನ ಆರೋಗ್ಯ ಕೇಳಲೇಬೇಡ, ಸರ್ಕಾರವೇ ಅಡಿಯಿಂದ ಮುಡಿಯವರೆಗೆ ನೋಡಿ ಗಟ್ಟಿ ಎಂದಿದೆ. ಊದುಗೊಳವೆಯನ್ನು ಜೋಪಾನವಾಗಿಡು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಗಂಡು ಹುಡುಗ ಒಲೆ ಊದುತ್ತಾನೆಂದು ನಗುತ್ತಿದ್ದ ಬಾಳವ್ವ ಚಿಗವ್ವನಿಗೆ ಈ ಕಾರ್ಡನ್ನು ಎರಡು ಸಲ ಓದಿ ಹೇಳು.

ನಿನ್ನ ಗುರುಪಾದ