ಕಪ್ಪಗೇ ಉಳಿದ ಚುಕ್ಕೆ

11 ಫೆಬ್ರವರಿ 2025, ಬೆಳಿಗ್ಗೆ

ನಲ್ಲಿ ನೀರು ಬಂತು, ಹಿಡಿದೆ. ಹೆಂಡತಿ ಬದುಕಿದ್ದಿದ್ದರೆ ಕೊಡವನ್ನು ಮತ್ತೊಮ್ಮೆ ತೊಳೆಸುತ್ತಿದ್ದಳು... ಇರಲಿ, ಬರೆಯಬೇಕಾದ್ದು ಅದಲ್ಲ. ಮಗಳು ವರಲಕ್ಷ್ಮಿಯ ತಲೆಯಲ್ಲಿ, ಹೋದ ವರ್ಷ ಟ್ಯೂಮರ್ ತೆಗೆದ ಜಾಗದಲ್ಲೇ, ಮತ್ತೆ ಒಂದು ಚುಕ್ಕೆ. ಗಡ್ಡೆಯೇ ತಿರುಗಿ ಬಂದಿದೆಯೋ, ರೇಡಿಯೇಷನ್‌ನಿಂದ ಸುಟ್ಟ ಗಾಯವೋ — ಡಾಕ್ಟರಿಗೂ ಡೌಟ್. ಗಡ್ಡೆಯಾದರೆ ಮತ್ತೆ ಆಪರೇಷನ್. ಈ ಸಲ ಮಾತು ಹೋಗಬಹುದಂತೆ. ಪಾಠ ಹೇಳುವ ಟೀಚರ್ ಅವಳು.

ನಾಳೆ ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್. ವಿಕಿರಣ ಬೆರೆಸಿದ ಸಕ್ಕರೆಯನ್ನು ನರಕ್ಕೆ ಕೊಡುತ್ತಾರೆ. ಜೀವವಿರುವ ಮೆದುಳೂ ಗಡ್ಡೆಯೂ ಅದನ್ನು ತಿಂದು ಹೊಳೆಯುತ್ತವೆ, ಸತ್ತ ಮಾಂಸ ತಿನ್ನುವುದಿಲ್ಲ. ಮೆಟಬಾಲಿಸಂ! ಬಿ.ಎಸ್ಸಿ.ಯಲ್ಲಿ ಓದಿದ್ದೆ. ಸಮ್ ಟೋಟಲ್ ಆಫ್ ಆಲ್... ಮುಂದಿನದು ಮರೆತಿದೆ. ನಾನು ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸ ಮಾಡಿದವನು. ರೇಷ್ಮೆಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಬದುಕಿದೆಯೋ ಇಲ್ಲವೋ ಹೇಳುತ್ತಿದ್ದೆ. ತಲೆಯನ್ನು ಹಾಗೆ ಅಲ್ಲಾಡಿಸಲಾದೀತೆ?

12 ಫೆಬ್ರವರಿ, ಸಂಜೆ

ಫೇಲ್. ಸ್ಕ್ಯಾನ್ ಆಗಲಿಲ್ಲ. ಉಪವಾಸ ಬರಬೇಕು ಎಂದಿದ್ದರು. ನಮ್ಮ ಅಕ್ಕ ದಾಸಮ್ಮನ ಲೆಕ್ಕದಲ್ಲಿ ಉಪವಾಸವೆಂದರೆ ಶನಿವಾರದ ಒಪ್ಪತ್ತು — ಅನ್ನ, ಮುದ್ದೆ ಮುಟ್ಟಬಾರದು, ಅಷ್ಟೇ. ರೈಲು ಹತ್ತುವ ಮೊದಲು ವರಲಕ್ಷ್ಮಿಗೆ ಬಾಳೆಹಣ್ಣು ಬೆಲ್ಲದ ರಸಾಯನ ತಿನ್ನಿಸಿದ್ದಾಳೆ. ಟೆಕ್ನಿಷಿಯನ್ ಬೆರಳು ಚುಚ್ಚಿ ನೋಡಿ, ರಕ್ತದಲ್ಲೇ ಇಷ್ಟು ಸಕ್ಕರೆ ಇದ್ದರೆ ನಮ್ಮ ಸಕ್ಕರೆ ಯಾರಿಗೆ ಬೇಕು ಎಂದು ವಾಪಸ್ ಕಳಿಸಿದ. ಅಕ್ಕನ ಮೇಲೆ ರೇಗಿದೆ.

"ಒಪ್ಪತ್ತಿಗೆ ಹಣ್ಣು ತಿನ್ದೆ ಮಣ್ಣು ತಿಂತಾರೇನ್ಲಾ?" ಎಂದಳು. ಆಮೇಲೆ ಅಡುಗೆಮನೆಯಲ್ಲಿ ಅಳುತ್ತಿದ್ದಳು.

17 ಫೆಬ್ರವರಿ

ಬರೆಯಲು ಮನಸ್ಸಿರಲಿಲ್ಲ. ಇವತ್ತು ಮತ್ತೆ ಹೋದೆವು. ಬರೀ ನೀರು. ಅಕ್ಕ ಜೊತೆಗೇ ಬಂದು, ರೈಲಿನಲ್ಲಿ ಕಡಲೆಕಾಯಿ ಮಾರುವವನನ್ನೂ ಹತ್ತಿರ ಬಿಡಲಿಲ್ಲ. ಸ್ಕ್ಯಾನ್ ಆಯಿತು. ರಿಪೋರ್ಟ್ ನಾಡಿದ್ದು.

19 ಫೆಬ್ರವರಿ

ವಿಕ್ಟರಿ! ಕಂಪ್ಲೀಟ್ ವಿಕ್ಟರಿ. ಡಾಕ್ಟರ್ ಶ್ವೇತ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಮೆದುಳೆಲ್ಲ ಕೆಂಡದಂತೆ ಹೊಳೆಯುತ್ತಿದೆ, ಆ ಚುಕ್ಕೆಯೊಂದೇ ಕಪ್ಪು. ನಾನು ಕೇಳಿದೆ — ಕಪ್ಪು ಕೆಟ್ಟದ್ದಲ್ಲವೆ?

"ಅಲ್ಲ ಸರ್. ಅದು ಏನೂ ತಿಂದಿಲ್ಲ. ಗಡ್ಡೆ ಅಲ್ಲ, ಸುಟ್ಟ ಗಾಯ. ಆಪರೇಷನ್ ಬೇಡ, ಆಗಾಗ ನೋಡ್ತಿರೋಣ."

ಅಕ್ಕ ಆ ಚುಕ್ಕೆಗೆ ಬೆರಳು ತೋರಿಸಿದಳು. "ನಮ್ಮನೇಲಿ ಅದೊಂದೇ ನೋಡು, ಉಪಾಸ ಸರ್ಯಾಗಿ ಮಾಡಿರೋದು."

ಡಾಕ್ಟರ್ ನಕ್ಕರು. ವರಲಕ್ಷ್ಮಿ ನಗುತ್ತಾ ನಗುತ್ತಾ ಅತ್ತಳು. ನಾನು ಥ್ಯಾಂಕ್ಯೂ ಎನ್ನುವ ಬದಲು ಕಂಗ್ರಾಜುಲೇಷನ್ಸ್ ಎಂದೆ, ಎರಡು ಸಲ.

20 ಫೆಬ್ರವರಿ, ಬೆಳಿಗ್ಗೆ

ವರಲಕ್ಷ್ಮಿ ಎದ್ದಾಗಿನಿಂದ ಬಾಯಿ ಮುಚ್ಚಿಲ್ಲ. ಸೋಮವಾರದಿಂದ ಬರುತ್ತೇನೆಂದು ಸ್ಕೂಲಿಗೆ ಫೋನ್ ಮಾಡಿದಳು. ಪೇಪರಿನವನನ್ನು ವಿಚಾರಿಸಿಕೊಂಡಳು. ಈಗ ನನ್ನ ಸರದಿ.

"ಅಪ್ಪ, ಹಾಲು ಉಕ್ಕೋಯ್ತೈತೆ, ಅಲ್ಲೇನ್ ಬರ್ಕಂಡು ಕುಂತಿದ್ದೀಯಾ?"

ಒಂದು ಅಕ್ಷರವೂ ತಡವರಿಸಲಿಲ್ಲ. ಬಂದೆ ಎಂದು ಕೂಗಿದ್ದೇನೆ. ಏಳುವುದಿಲ್ಲ. ಇನ್ನೊಂದು ಸಲ ಬೈಯಲಿ, ಕೇಳೋ—